ಕಂಪ್ಯೂಟರ್ ಆನ್ ಆದ ಕೂಡಲೇ ಎರರ್ ಬಾಕ್ಸ್: ಫಾರ್ಮ್ಯಾಟ್ ಮಾಡಿಸಲೇಬೇಕಾ?

ಪ್ರಶ್ನೆ: ಬ್ರಹ್ಮಾವರದಲ್ಲಿ ನನ್ನದೊಂದು ಸಣ್ಣ ಝೆರಾಕ್ಸ್ ಅಂಗಡಿ ಇದೆ. ಆನ್‌ಲೈನ್ ಅರ್ಜಿ ಹಾಕಿಕೊಡುತ್ತೇನೆ, ಬಯೋಡೇಟಾ, ಆಮಂತ್ರಣ ಟೈಪ್ ಮಾಡಿಕೊಡುತ್ತೇನೆ. ಕಳೆದ ವಾರ ಗಿರಾಕಿಯೊಬ್ಬರ ಪೆನ್‌ಡ್ರೈವ್ ಹಾಕಿದೆ. ಅದರಲ್ಲಿದ್ದ ಫೋಲ್ಡರ್‌ಗಳೆಲ್ಲ ಶಾರ್ಟ್‌ಕಟ್ ಆಗಿದ್ದವು. ಗೊತ್ತಾಗದೆ ಒತ್ತಿಬಿಟ್ಟೆ. ಆಮೇಲೆ ಆ್ಯಂಟಿವೈರಸ್ ಓಡಿಸಿದಾಗ ಏಳು ವೈರಸ್ ತೆಗೆದಿದ್ದೇನೆ ಅಂತ ತೋರಿಸಿತು. ಮರುದಿನದಿಂದ ಕಂಪ್ಯೂಟರ್ ಆನ್ ಮಾಡಿದ ಕೂಡಲೇ ಎರಡು ಬಾಕ್ಸ್ ಬರುತ್ತಿವೆ. ಒಂದರ ಮೇಲೆ ರನ್‌ಡಿಎಲ್‌ಎಲ್ ಅಂತ ಇದೆ, ಇನ್ನೊಂದರ ಮೇಲೆ ವಿಂಡೋಸ್ ಸ್ಕ್ರಿಪ್ಟ್ ಹೋಸ್ಟ್ ಅಂತ. ಓಕೆ ಒತ್ತಿದರೆ ಹೋಗುತ್ತವೆ, ಕೆಲಸವೂ ನಡೆಯುತ್ತದೆ. ರಿಪೇರಿಯವರು ಫಾರ್ಮ್ಯಾಟ್ ಮಾಡಲೇಬೇಕು ಅನ್ನುತ್ತಾರೆ. ವೈರಸ್ ಇನ್ನೂ ಇದೆಯಾ? ಬೇರೆ ದಾರಿ ಇಲ್ಲವಾ?

ಉತ್ತರ: ದಾರಿ ಇದೆ. ನೀವು ಬರೆದಿರುವುದನ್ನು ನೋಡಿದರೆ ಫಾರ್ಮ್ಯಾಟ್ ಬೇಕಾಗಲಿಕ್ಕಿಲ್ಲ. ಆದರೆ ಓಕೆ ಒತ್ತಿ ಕೆಲಸ ಮುಂದುವರಿಸುವುದನ್ನು ಇವತ್ತೇ ನಿಲ್ಲಿಸಿ. ನಿಮ್ಮ ಕಂಪ್ಯೂಟರಿನಲ್ಲಿ ಊರಿನವರ ಆಧಾರ್, ಪಾಸ್‌ಬುಕ್, ಅಂಕಪಟ್ಟಿ ಎಲ್ಲ ಇರುತ್ತವೆ ಅಲ್ವಾ, ಅದಕ್ಕೇ ಹೇಳುತ್ತಿದ್ದೇನೆ.

ಮೊದಲು ಆ ಬಾಕ್ಸ್ ಯಾಕೆ ಬರುತ್ತದೆ ಅಂತ ಹೇಳುತ್ತೇನೆ. ವಿಂಡೋಸ್ ಬೆಳಿಗ್ಗೆ ಶುರುವಾದ ಕೂಡಲೇ ಶಾಲೆಯ ಮಾಸ್ಟರ ಹಾಗೆ ಒಂದು ಹಾಜರಿ ಕರೆಯುತ್ತದೆ. ಪ್ರಿಂಟರ್ ಪ್ರೋಗ್ರಾಂ ಬಾ, ಆ್ಯಂಟಿವೈರಸ್ ಬಾ, ಕನ್ನಡ ಟೈಪಿಂಗಿನ ಬರಹ ಬಾ, ಅಂತ ಒಂದೊಂದೇ ಹೆಸರು ಕರೆದು ಎಬ್ಬಿಸುತ್ತದೆ. ಈ ಹೆಸರುಗಳಲ್ಲಿ ಹೆಚ್ಚಿನವು ವಿಂಡೋಸ್ ತನ್ನ ಸೆಟ್ಟಿಂಗ್ ಬರೆದಿಡುವ ರಿಜಿಸ್ಟ್ರಿ ಎಂಬ ಹಾಜರಿ ಪುಸ್ತಕದಲ್ಲಿ ಇರುತ್ತವೆ. ವೈರಸ್ ಒಳಗೆ ಬಂದ ಕೂಡಲೇ ತನ್ನ ಹೆಸರನ್ನೂ ಅಲ್ಲಿ ಸೇರಿಸುತ್ತದೆ. ಇಲ್ಲದಿದ್ದರೆ ಕಂಪ್ಯೂಟರ್ ಆಫ್ ಮಾಡಿ ಆನ್ ಮಾಡಿದ ಮೇಲೆ ಅದನ್ನು ಎಬ್ಬಿಸುವವರೇ ಇರುವುದಿಲ್ಲ. ನಿಮ್ಮ ಆ್ಯಂಟಿವೈರಸ್ ವೈರಸ್ಸಿನ ಫೈಲನ್ನು ಅಳಿಸಿದೆ, ಹಾಜರಿ ಪುಸ್ತಕದಲ್ಲಿದ್ದ ಹೆಸರನ್ನು ಬಿಟ್ಟಿದೆ. ವಿಂಡೋಸ್ ಪ್ರತಿದಿನ ಆ ಹೆಸರು ಕರೆಯುತ್ತದೆ, ಯಾರೂ ಓಗೊಡುವುದಿಲ್ಲ. ಆಗ ಫೈಲ್ ಸಿಗಲಿಲ್ಲ ಅಂತ ನಿಮಗೆ ಹೇಳುತ್ತದೆ. ನಿಮ್ಮ ಎರಡು ಬಾಕ್ಸ್ ಅಂದರೆ ಇಷ್ಟೇ.

ಹಾಗಾದರೆ ಸಮಾಧಾನದ ವಿಷಯ ತಾನೇ? ಅರ್ಧ ಮಾತ್ರ. ಆ ಒಂದು ಫೈಲ್ ಹೋಗಿದೆ ಅಂತ ಖಾತ್ರಿಯಾಯಿತು. ಅದರ ಜೊತೆ ಬಂದ ಬೇರೆ ಫೈಲ್ ಎಲ್ಲೋ ಉಳಿದಿಲ್ಲ ಅನ್ನುವುದಕ್ಕೆ ಖಾತ್ರಿಯಿಲ್ಲ. ಕೂಗಿದಾಗ ಓಗೊಟ್ಟು ಸುಮ್ನೆ ಕೂತಿರುವವನ ಬಗ್ಗೆ ವಿಂಡೋಸ್ ದೂರು ಹೇಳುವುದಿಲ್ಲ.

ಈಗ ಕೆಲಸಕ್ಕೆ ಬರೋಣ. ಮೊದಲು ಇಂಟರ್‌ನೆಟ್ ಕೇಬಲ್ ತೆಗೆಯಿರಿ, ವೈಫೈ ಇದ್ದರೆ ಆಫ್ ಮಾಡಿ. ಆಮೇಲೆ ಎರಡು ಬಾಕ್ಸಿನದ್ದೂ ಮೊಬೈಲಿನಲ್ಲಿ ಫೋಟೋ ತೆಗೆಯಿರಿ. ಹೆಚ್ಚಿನವರು ಬಾಕ್ಸನ್ನು ಓದುವುದೇ ಇಲ್ಲ, ಬೇಜಾರಿನಲ್ಲಿ ಓಕೆ ಒತ್ತಿಬಿಡುತ್ತಾರೆ. ಬೇಕಾದ್ದೆಲ್ಲ ಅದರಲ್ಲೇ ಬರೆದಿರುತ್ತದೆ ಮಾರಾಯ್ರೆ. ಸಿ ಡ್ರೈವ್, ಅದರೊಳಗೆ ಯೂಸರ್ಸ್, ಅದರೊಳಗೆ ನಿಮ್ಮ ಹೆಸರು, ಆಮೇಲೆ ಆ್ಯಪ್‌ಡೇಟಾ, ರೋಮಿಂಗ್, ಕೊನೆಗೆ ಅರ್ಥವೇ ಇಲ್ಲದ ಏಳೆಂಟು ಅಕ್ಷರದ ಒಂದು ಹೆಸರು. ಆ ಹೆಸರಿನ ಬಾಲ ನೋಡಿ. ಡಾಟ್ ಡಿಎಲ್‌ಎಲ್ ಅಂತ ಇದ್ದರೆ ಅದನ್ನು ಎಬ್ಬಿಸಲು ಹೋದದ್ದು ರನ್‌ಡಿಎಲ್‌ಎಲ್32. ಡಾಟ್ ವಿಬಿಎಸ್ ಅಥವಾ ಡಾಟ್ ಜೆಎಸ್ ಅಂತ ಇದ್ದರೆ ಡಬ್ಲ್ಯೂಸ್ಕ್ರಿಪ್ಟ್. ಈ ಎರಡೂ ವಿಂಡೋಸ್‌ನ ಸ್ವಂತ ಪ್ರೋಗ್ರಾಂಗಳು, ಇವುಗಳದ್ದು ತಪ್ಪಿಲ್ಲ. ಸಿಟ್ಟಿನಲ್ಲಿ ರನ್‌ಡಿಎಲ್‌ಎಲ್32 ಫೈಲನ್ನೇ ಅಳಿಸಲು ಹೊರಟವರನ್ನು ನಾನು ಕಂಡಿದ್ದೇನೆ. ಅದನ್ನು ಮುಟ್ಟಬೇಡಿ. ಸಿಗದ ಡಿಎಲ್‌ಎಲ್ ಫೈಲನ್ನು ಇಂಟರ್‌ನೆಟ್ಟಿನಿಂದ ಇಳಿಸಿ ಹಾಕುವುದಂತೂ ಬೇಡವೇ ಬೇಡ. ಕಷ್ಟಪಟ್ಟು ಹೊರಗೆ ಹಾಕಿದವನನ್ನು ನಾವೇ ಹುಡುಕಿ ಕರೆದುಕೊಂಡು ಬಂದ ಹಾಗಾಗುತ್ತದೆ.

ಬಾಕ್ಸ್ ಯಾವಾಗ ಬರುತ್ತದೆ ಎಂಬುದನ್ನೂ ಗಮನಿಸಿ. ಪಾಸ್‌ವರ್ಡ್ ಹಾಕಿದ ಕೂಡಲೇ ಒಮ್ಮೆ ಬಂದು ಹೋದರೆ ಹೆಸರು ಹೆಚ್ಚಾಗಿ ರಿಜಿಸ್ಟ್ರಿಯ ರನ್ ಎಂಬಲ್ಲಿ ಅಥವಾ ಸ್ಟಾರ್ಟ್ಅಪ್ ಫೋಲ್ಡರಿನಲ್ಲಿ ಇರುತ್ತದೆ. ಹತ್ತು ನಿಮಿಷಕ್ಕೊಮ್ಮೆ, ಅರ್ಧ ಗಂಟೆಗೊಮ್ಮೆ ಮತ್ತೆ ಮತ್ತೆ ಬರುತ್ತಿದ್ದರೆ ಟಾಸ್ಕ್ ಶೆಡ್ಯೂಲರ್‌ನಲ್ಲಿ ಹುಡುಕಿ. ಇಷ್ಟು ತಿಳಿದಿದ್ದರೆ ಹುಡುಕುವ ಸಮಯ ಅರ್ಧಕ್ಕರ್ಧ ಉಳಿಯುತ್ತದೆ.

ಹೆಸರು ಅಳಿಸುವ ಮೊದಲು ಉಳಿದಿರುವುದನ್ನು ತೆಗೆಯಬೇಕು. ಈ ಕ್ರಮ ತಪ್ಪಿದರೆ ನೀವು ಅಳಿಸಿದ ಹೆಸರನ್ನು ಒಳಗಿರುವ ವೈರಸ್ ಮತ್ತೆ ಬರೆಯುತ್ತದೆ. ವಿಂಡೋಸ್ 10 ಮತ್ತು 11ರ ಒಳಗೇ ಇರುವ ಡಿಫೆಂಡರ್ ಆಫ್‌ಲೈನ್ ಸ್ಕ್ಯಾನ್ ಮೊದಲು ಮಾಡಿಸಿ. ವಿಂಡೋಸ್ ಸೆಕ್ಯುರಿಟಿ ತೆರೆಯಿರಿ. ವೈರಸ್ ಆ್ಯಂಡ್ ಥ್ರೆಟ್ ಪ್ರೊಟೆಕ್ಷನ್‌ಗೆ ಹೋಗಿ ಸ್ಕ್ಯಾನ್ ಆಪ್ಷನ್ಸ್ ಒತ್ತಿದರೆ ಕೆಳಗಡೆ ಸಿಗುತ್ತದೆ. ಕಂಪ್ಯೂಟರ್ ರಿಸ್ಟಾರ್ಟ್ ಆಗಿ, ವಿಂಡೋಸ್ ಪೂರ್ತಿ ಏಳುವ ಮೊದಲೇ ಪರೀಕ್ಷೆ ನಡೆಯುತ್ತದೆ. ಹೆಚ್ಚುಕಡಿಮೆ 15 ನಿಮಿಷದ ಕೆಲಸ. ವಿಂಡೋಸ್ ಎದ್ದಿರುವಾಗ ವೈರಸ್ಸೂ ಎದ್ದಿರುತ್ತದೆ, ತನ್ನನ್ನು ತಾನು ಬಚ್ಚಿಟ್ಟುಕೊಳ್ಳಬಲ್ಲದು. ವಿಂಡೋಸ್ ಮಲಗಿರುವಾಗ ಅದಕ್ಕೆ ಆ ಶಕ್ತಿ ಇರುವುದಿಲ್ಲ. ನೀವು ಬೇರೆ ಕಂಪನಿಯ ಆ್ಯಂಟಿವೈರಸ್ ಹಾಕಿದ್ದರೆ ಈ ಆಯ್ಕೆ ಅಡಗಿರಬಹುದು. ಆಗ ಮೈಕ್ರೋಸಾಫ್ಟ್ ಸೇಫ್ಟಿ ಸ್ಕ್ಯಾನರ್ ಅನ್ನು ಬೇರೆ ಒಳ್ಳೆಯ ಕಂಪ್ಯೂಟರಿನಲ್ಲಿ ಇಳಿಸಿ, ಹೊಸ ಪೆನ್‌ಡ್ರೈವಿನಲ್ಲಿ ತಂದು ಓಡಿಸಿ. ಅದು ಪುಕ್ಕಟೆ, ಆದರೆ ಇಳಿಸಿದ 10 ದಿನಕ್ಕೆ ಅವಧಿ ಮುಗಿಯುತ್ತದೆ. ಹಳೆಯದನ್ನು ಇಟ್ಟುಕೊಂಡು ಪ್ರಯೋಜನವಿಲ್ಲ.

ಇಲ್ಲಿ ಒಂದು ಎಚ್ಚರಿಕೆ. ಈಗಿನ ಕೆಲವು ಲ್ಯಾಪ್‌ಟಾಪ್‌ಗಳಲ್ಲಿ ಬಿಟ್‌ಲಾಕರ್ ಬೀಗ ತಾನಾಗಿಯೇ ಬಿದ್ದಿರುತ್ತದೆ. ಇಂಥ ಕೆಲಸ ಮಾಡುವಾಗ 48 ಅಂಕೆಗಳ ರಿಕವರಿ ಕೀ ಕೇಳಬಹುದು. ಮೈಕ್ರೋಸಾಫ್ಟ್ ಖಾತೆಯಲ್ಲಿ ಅದು ಉಳಿದಿದೆಯಾ ಅಂತ ಮೊಬೈಲಿನಲ್ಲಿ ಮೊದಲೇ ನೋಡಿಟ್ಟುಕೊಳ್ಳಿ. ಕೀ ಇಲ್ಲದಿದ್ದರೆ ಒಳಗಿನ ಫೈಲ್ ಯಾರ ಕೈಗೂ ಸಿಗುವುದಿಲ್ಲ.

ಸ್ಕ್ಯಾನ್ ಮುಗಿಯಿತಾ? ಈಗ ಹಾಜರಿ ಪುಸ್ತಕ ತೆರೆಯೋಣ. ನಾನು ಬಳಸುವುದು ಆಟೋರನ್ಸ್ ಎಂಬ ಪುಕ್ಕಟೆ ಪ್ರೋಗ್ರಾಂ. ಅದು ಸಿಸ್‌ಇಂಟರ್ನಲ್ಸ್ ಎಂಬ ತಾಣದ್ದು, 2006ರಲ್ಲಿ ಮೈಕ್ರೋಸಾಫ್ಟ್ ಅದನ್ನು ಕೊಂಡುಕೊಂಡಿತು. ಇದನ್ನೂ ಒಳ್ಳೆಯ ಕಂಪ್ಯೂಟರಿನಲ್ಲಿ ಮೈಕ್ರೋಸಾಫ್ಟ್ ತಾಣದಿಂದಲೇ ಇಳಿಸಿ ತನ್ನಿ, ಬೇರೆ ತಾಣದಿಂದ ಬೇಡ. ರೈಟ್ ಕ್ಲಿಕ್ ಮಾಡಿ ಅಡ್ಮಿನಿಸ್ಟ್ರೇಟರ್ ಆಗಿ ತೆರೆಯಿರಿ. ವಿಂಡೋಸ್ ಕರೆಯುವ ಹೆಸರುಗಳೆಲ್ಲ ಒಂದೇ ಕಡೆ ಉದ್ದಕ್ಕೆ ಕಾಣುತ್ತವೆ, ನೂರಾರು ಇರುತ್ತವೆ. ಗಾಬರಿಯಾಗಬೇಡಿ. ಮೇಲಿರುವ ಫಿಲ್ಟರ್ ಜಾಗದಲ್ಲಿ ಫೋಟೋದಲ್ಲಿರುವ ಆ ವಿಚಿತ್ರ ಹೆಸರನ್ನು ಬರೆಯಿರಿ. ಪಟ್ಟಿ ಒಂದೆರಡು ಸಾಲಿಗೆ ಇಳಿಯುತ್ತದೆ. ಫೈಲ್ ಇಲ್ಲದ ಹೆಸರುಗಳ ಸಾಲು ಹಳದಿ ಬಣ್ಣದಲ್ಲಿರುತ್ತದೆ. ನಿಮ್ಮದು ಸಿಕ್ಕಿದರೆ ಎದುರಿನ ಟಿಕ್ ಗುರುತು ತೆಗೆಯಿರಿ. ಅಳಿಸಬೇಡಿ, ಟಿಕ್ ಮಾತ್ರ ತೆಗೆಯಿರಿ. ರಿಸ್ಟಾರ್ಟ್ ಮಾಡಿ ನೋಡಿ. ಎರಡು ಮೂರು ದಿನ ಬಾಕ್ಸ್ ಬರಲಿಲ್ಲ, ಬೇರೆ ಏನೂ ಕೆಡಲಿಲ್ಲ ಅಂದರೆ ಆಮೇಲೆ ಡಿಲೀಟ್ ಮಾಡಿ. ಹಳದಿ ಕಂಡದ್ದನ್ನೆಲ್ಲ ತೆಗೆಯುವ ಆಸೆ ಬೇಡ. ಯಾವತ್ತೋ ತೆಗೆದುಹಾಕಿದ ಪ್ರಿಂಟರಿನದ್ದೂ ಹಳದಿಯಾಗಿರಬಹುದು, ಅದರಿಂದ ತೊಂದರೆ ಇಲ್ಲ.

ಕೈಯಲ್ಲೇ ಹುಡುಕುವ ಧೈರ್ಯ ಇದ್ದರೆ ಟಾಸ್ಕ್ ಮ್ಯಾನೇಜರಿನ ಸ್ಟಾರ್ಟ್ಅಪ್ ಪುಟವನ್ನೂ ಟಾಸ್ಕ್ ಶೆಡ್ಯೂಲರ್ ಅನ್ನೂ ನೋಡಬಹುದು. ಶೆಡ್ಯೂಲರ್‌ನಲ್ಲಿ ಪ್ರತಿ ಟಾಸ್ಕಿನ ಆ್ಯಕ್ಷನ್ಸ್ ಪುಟ ತೆರೆದು ನೋಡಿ. ಟಾಸ್ಕಿನ ಹೆಸರು ಅಪ್‌ಡೇಟ್ ಅಂತ ಸಭ್ಯವಾಗಿರುತ್ತದೆ, ಒಳಗೆ ಕರೆಯುವುದು ರೋಮಿಂಗ್ ಫೋಲ್ಡರಿನ ವಿಬಿಎಸ್ ಫೈಲನ್ನು. ಇನ್ನೊಂದು ಗುರುತು ಹೇಳುತ್ತೇನೆ. ಎಸ್‌ವಿಸಿಹೋಸ್ಟ್‌ನಂಥ ವಿಂಡೋಸ್ ಫೈಲ್ ಇರಬೇಕಾದ ಜಾಗ ಸಿಸ್ಟಂ32. ಅದೇ ಹೆಸರು ಆ್ಯಪ್‌ಡೇಟಾದಲ್ಲೋ ಟೆಂಪ್‌ನಲ್ಲೋ ಕಂಡರೆ ಅದು ವೇಷ ಹಾಕಿ ಕೂತದ್ದು.

ನಿಮ್ಮದು ಬಾಕ್ಸ್ ಬಂದು ಹೋಗುವ ಹಂತದಲ್ಲಿದೆ. ಇದೇ ವೈರಸ್ಸಿನ ಇನ್ನೊಂದು ರೂಪ ಜಾಸ್ತಿ ಹೆದರಿಸುತ್ತದೆ. ಅದನ್ನೂ ಹೇಳಿಬಿಡುತ್ತೇನೆ, ನಿಮ್ಮ ಹಾಗೆ ಅಂಗಡಿ ಇಟ್ಟುಕೊಂಡವರಿಗೆ ಬೇಕಾಗುತ್ತದೆ. ಒಮ್ಮೆ ಕಾರ್ಕಳದ ಕಡೆಯ ಡಿಟಿಪಿ ಅಂಗಡಿಯವರೊಬ್ಬರು ಸಿಪಿಯು ಹೊತ್ತುಕೊಂಡು ಬಂದರು. ಬ್ರಹ್ಮಕಲಶೋತ್ಸವದ ಆಮಂತ್ರಣ ಪತ್ರಿಕೆ ಅದರೊಳಗಿತ್ತು, ಮರುದಿನ ಪ್ರೆಸ್ಸಿಗೆ ಹೋಗಬೇಕಿತ್ತು. ಆನ್ ಮಾಡಿದರೆ ಪರದೆ ಪೂರ್ತಿ ಕಪ್ಪು. ನಡುವೆ ಒಂದೇ ಒಂದು ಸಣ್ಣ ಬಾಕ್ಸ್: ರನ್ ಡಾಟ್ ವಿಬಿಎಸ್ ಎಂಬ ಸ್ಕ್ರಿಪ್ಟ್ ಫೈಲ್ ಸಿಗುತ್ತಿಲ್ಲ. ಓಕೆ ಒತ್ತಿದರೆ ಅದೂ ಹೋಗಿ ಬರೀ ಕಪ್ಪು. ಐಕಾನ್ ಇಲ್ಲ, ಸ್ಟಾರ್ಟ್ ಬಟನ್ ಇಲ್ಲ. ಎಲ್ಲ ಹೋಯಿತು ಅಂತ ಅವರು ತಲೆ ಮೇಲೆ ಕೈ ಹೊತ್ತು ಕೂತಿದ್ದರು.

ಏನೂ ಹೋಗಿರಲಿಲ್ಲ. ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಮೂರೂ ಕೀ ಒಟ್ಟಿಗೆ ಒತ್ತಿದೆ, ಟಾಸ್ಕ್ ಮ್ಯಾನೇಜರ್ ಬಂತು. ಅದರಲ್ಲಿ ರನ್ ನ್ಯೂ ಟಾಸ್ಕ್ ಆರಿಸಿ ಎಕ್ಸ್‌ಪ್ಲೋರರ್ ಅಂತ ಬರೆದು ಎಂಟರ್ ಒತ್ತಿದ ಕೂಡಲೇ ಡೆಸ್ಕ್‌ಟಾಪ್ ಬಂತು, ಆಮಂತ್ರಣದ ಫೈಲೂ ಅಲ್ಲೇ ಇತ್ತು. ಮೊದಲು ಅದನ್ನು ನಕಲು ಮಾಡಿಕೊಟ್ಟೆ. ಆಮೇಲೆ ಮೂಲ ಹುಡುಕಿದೆ. ಲಾಗಿನ್ ಆದಾಗ ವಿಂಡೋಸ್ ಮೊದಲು ಎಬ್ಬಿಸುವುದು ಯೂಸರ್‌ಇನಿಟ್ ಎಂಬ ಪ್ರೋಗ್ರಾಂ, ಅದು ಡೆಸ್ಕ್‌ಟಾಪನ್ನು ಎಬ್ಬಿಸುತ್ತದೆ. ವೈರಸ್ ಆ ಜಾಗದಲ್ಲಿದ್ದ ಹೆಸರು ತೆಗೆದು ತನ್ನ ಸ್ಕ್ರಿಪ್ಟಿನ ಹೆಸರು ಬರೆದಿತ್ತು. ಆ್ಯಂಟಿವೈರಸ್ ಸ್ಕ್ರಿಪ್ಟ್ ಅಳಿಸಿತು, ಡೆಸ್ಕ್‌ಟಾಪನ್ನು ಎಬ್ಬಿಸುವವರು ಯಾರೂ ಉಳಿಯಲಿಲ್ಲ.

ಇದನ್ನು ಸರಿ ಮಾಡುವ ಜಾಗ ರಿಜಿಸ್ಟ್ರಿಯಲ್ಲಿದೆ. ಎಚ್‌ಕೀ ಲೋಕಲ್ ಮೆಷಿನ್, ಸಾಫ್ಟ್‌ವೇರ್, ಮೈಕ್ರೋಸಾಫ್ಟ್, ವಿಂಡೋಸ್ ಎನ್‌ಟಿ, ಕರೆಂಟ್‌ವರ್ಶನ್, ವಿನ್‌ಲಾಗಾನ್, ಹೀಗೆ ಒಂದರೊಳಗೊಂದು ಹೋಗಬೇಕು. ಅಲ್ಲಿ ಯೂಸರ್‌ಇನಿಟ್ ಎಂಬುದರ ಎದುರು ಸಿಸ್ಟಂ32 ಫೋಲ್ಡರಿನ ಯೂಸರ್‌ಇನಿಟ್ ಡಾಟ್ ಇಎಕ್ಸ್‌ಇ, ಕೊನೆಯಲ್ಲಿ ಒಂದು ಅಲ್ಪವಿರಾಮ, ಇಷ್ಟೇ ಇರಬೇಕು. ಶೆಲ್ ಎಂಬುದರ ಎದುರು ಎಕ್ಸ್‌ಪ್ಲೋರರ್ ಡಾಟ್ ಇಎಕ್ಸ್‌ಇ ಮಾತ್ರ. ಇಲ್ಲಿ ಒಂದಕ್ಷರ ತಪ್ಪಾದರೂ ಲಾಗಿನ್ ಆದ ಕೂಡಲೇ ಲಾಗಾಫ್ ಆಗಿಬಿಡಬಹುದು. ಆದ್ದರಿಂದ ಕೈ ಹಾಕುವ ಮೊದಲು ಆ ವಿನ್‌ಲಾಗಾನ್ ಭಾಗವನ್ನು ಎಕ್ಸ್‌ಪೋರ್ಟ್ ಮಾಡಿ ಇಟ್ಟುಕೊಳ್ಳಿ. ಅಭ್ಯಾಸ ಇಲ್ಲದಿದ್ದರೆ ಗೊತ್ತಿದ್ದವರಿಂದ ಮಾಡಿಸಿ, ಹತ್ತು ನಿಮಿಷದ ಕೆಲಸ.

ಟಾಸ್ಕ್ ಮ್ಯಾನೇಜರೂ ಬರದಿದ್ದರೆ ಸೇಫ್ ಮೋಡ್. ಲಾಗಿನ್ ಪರದೆಯಲ್ಲಿ ಶಿಫ್ಟ್ ಒತ್ತಿ ಹಿಡಿದು ರಿಸ್ಟಾರ್ಟ್ ಮಾಡಿ. ಟ್ರಬಲ್‌ಶೂಟ್, ಅಡ್ವಾನ್ಸ್ಡ್ ಆಪ್ಷನ್ಸ್, ಸ್ಟಾರ್ಟ್ಅಪ್ ಸೆಟ್ಟಿಂಗ್ಸ್ ಹೀಗೆ ಹೋಗಿ ಮತ್ತೆ ರಿಸ್ಟಾರ್ಟ್ ಕೊಟ್ಟು 4 ಒತ್ತಿ.

ಈಗ ಪೆನ್‌ಡ್ರೈವ್. ಕಂಪ್ಯೂಟರ್ ಶುದ್ಧವಾದ ಮೇಲೆಯೇ ಅದಕ್ಕೆ ಕೈ ಹಾಕಿ. ಈ ಶಾರ್ಟ್‌ಕಟ್ ವೈರಸ್ ಗಿರಾಕಿಯ ಫೋಲ್ಡರುಗಳನ್ನು ಅಳಿಸುವುದಿಲ್ಲ, ಅಡಗಿಸುತ್ತದೆ. ಅವುಗಳ ಹೆಸರಿನಲ್ಲೇ ಒಂದೊಂದು ಶಾರ್ಟ್‌ಕಟ್ ಇಡುತ್ತದೆ. ನೀವು ಒತ್ತಿದಾಗ ಮೊದಲು ವೈರಸ್ಸನ್ನು ಎಬ್ಬಿಸಿ ಆಮೇಲೆ ನಿಜವಾದ ಫೋಲ್ಡರನ್ನೂ ತೆರೆಯುತ್ತದೆ. ಅದಕ್ಕೇ ಯಾರಿಗೂ ಸಂಶಯ ಬರುವುದಿಲ್ಲ. ಅಡಗಿರುವುದನ್ನು ಹೊರಗೆ ತರುವ ಆಜ್ಞೆಯನ್ನು ಫೋನಿನಲ್ಲಿ ಹೇಳುವ ಹಾಗೆ ಹೇಳುತ್ತೇನೆ. ಕಮಾಂಡ್ ಪ್ರಾಂಪ್ಟ್ ತೆರೆದು ಇಂಗ್ಲಿಷಿನಲ್ಲಿ ಆಟ್ರಿಬ್ ಅಂತ ಬರೆಯಿರಿ. ಒಂದು ಸ್ಪೇಸ್ ಬಿಟ್ಟು ಮೈನಸ್ ಎಚ್, ಸ್ಪೇಸ್ ಬಿಟ್ಟು ಮೈನಸ್ ಆರ್, ಸ್ಪೇಸ್ ಬಿಟ್ಟು ಮೈನಸ್ ಎಸ್. ಮತ್ತೆ ಸ್ಪೇಸ್ ಬಿಟ್ಟು ಸ್ಲ್ಯಾಶ್ ಎಸ್, ಸ್ಪೇಸ್ ಬಿಟ್ಟು ಸ್ಲ್ಯಾಶ್ ಡಿ. ಕೊನೆಗೆ ಸ್ಪೇಸ್ ಬಿಟ್ಟು ಪೆನ್‌ಡ್ರೈವಿನ ಅಕ್ಷರ, ಕೋಲನ್, ಬ್ಯಾಕ್‌ಸ್ಲ್ಯಾಶ್, ನಕ್ಷತ್ರ, ಚುಕ್ಕಿ, ನಕ್ಷತ್ರ. ಅಕ್ಷರ ಸರಿ ನೋಡಿ ಹಾಕಿ, ತಪ್ಪಿ ಸಿ ಅಂತ ಹಾಕಬೇಡಿ. ಎಂಟರ್ ಒತ್ತಿದರೆ ಫೋಲ್ಡರುಗಳು ಕಾಣುತ್ತವೆ. ಆಮೇಲೆ ಶಾರ್ಟ್‌ಕಟ್‌ಗಳನ್ನೂ ವಿಬಿಎಸ್ ಫೈಲನ್ನೂ ಅಳಿಸಿ. ಆ ಗಿರಾಕಿಗೆ ಒಂದು ಫೋನ್ ಮಾಡಿ ತಿಳಿಸಿ. ಅವರ ಮನೆಯ ಕಂಪ್ಯೂಟರಿನಲ್ಲೂ ಇದ್ದೀತು, ಅಥವಾ ಇನ್ನೊಂದು ಅಂಗಡಿಯಿಂದ ಅಂಟಿಸಿಕೊಂಡು ಬಂದಿದ್ದಾರು.

ಅಂಗಡಿಯಲ್ಲಿ ಪೆನ್‌ಡ್ರೈವ್ ಬೇಡ ಅಂತ ಹೇಳಲಾಗುವುದಿಲ್ಲ, ಅದು ನನಗೂ ಗೊತ್ತು. ಆದರೆ ಒಂದು ಬಾಗಿಲು ಮುಚ್ಚಬಹುದು. ವಿಂಡೋಸ್ ಸ್ಕ್ರಿಪ್ಟ್ ಹೋಸ್ಟ್ ನಿಮ್ಮಂಥ ಅಂಗಡಿಗೆ ಸಾಮಾನ್ಯವಾಗಿ ಬೇಕಾಗುವುದಿಲ್ಲ. ರಿಜಿಸ್ಟ್ರಿಯಲ್ಲಿ ಎಚ್‌ಕೀ ಲೋಕಲ್ ಮೆಷಿನ್, ಸಾಫ್ಟ್‌ವೇರ್, ಮೈಕ್ರೋಸಾಫ್ಟ್, ವಿಂಡೋಸ್ ಸ್ಕ್ರಿಪ್ಟ್ ಹೋಸ್ಟ್, ಸೆಟ್ಟಿಂಗ್ಸ್ ಎಂಬಲ್ಲಿ ಎನೇಬಲ್ಡ್ ಎಂಬ ಹೆಸರಿನ, ಡಿವರ್ಡ್ ಬಗೆಯ ಒಂದು ನಮೂದು ಮಾಡಿ ಅದರ ಬೆಲೆ 0 ಇಟ್ಟರೆ ಸ್ಕ್ರಿಪ್ಟ್ ಹೋಸ್ಟ್ ಬಂದ್. ಇನ್ನು ಯಾರಾದರೂ ಅಂಥ ಪೆನ್‌ಡ್ರೈವ್ ತಂದು, ನೀವು ಮರೆತು ಶಾರ್ಟ್‌ಕಟ್ ಒತ್ತಿದರೂ ಸ್ಕ್ರಿಪ್ಟ್ ಹೋಸ್ಟ್ ಬಂದ್ ಆಗಿದೆ ಎಂಬ ಬಾಕ್ಸ್ ಬರುತ್ತದೆ, ವಿಬಿಎಸ್, ಜೆಎಸ್ ಜಾತಿಯ ವೈರಸ್ ಏಳುವುದಿಲ್ಲ. ಯಾವುದಾದರೂ ಪ್ರೋಗ್ರಾಂ ಇದರಿಂದ ಕೆಲಸ ನಿಲ್ಲಿಸಿದರೆ ಬೆಲೆಯನ್ನು 1 ಮಾಡಿ.

ಹಾಗಾದರೆ ಫಾರ್ಮ್ಯಾಟ್ ಯಾವಾಗ ಬೇಕು? ಸ್ಕ್ಯಾನಿನಲ್ಲಿ ಸ್ಯಾಲಿಟಿ, ವೈರಟ್, ರಾಮ್‌ನಿಟ್ ಇಂಥ ಹೆಸರು ಕಂಡರೆ ನಾನೂ ಫಾರ್ಮ್ಯಾಟ್ ಮಾಡಿ ಅನ್ನುತ್ತೇನೆ. ಅವು ಒಂದು ಫೈಲಾಗಿ ಕೂರುವುದಿಲ್ಲ, ಕಂಪ್ಯೂಟರಿನ ನೂರಾರು ಪ್ರೋಗ್ರಾಂ ಫೈಲುಗಳ ಒಳಗೇ ಸೇರಿಕೊಳ್ಳುತ್ತವೆ. ಸ್ವಚ್ಛ ಮಾಡಿದರೂ ನಂಬಲು ಆಗುವುದಿಲ್ಲ. ಪಾಸ್‌ವರ್ಡ್ ಕದಿಯುವ ಅಥವಾ ದೂರದಿಂದ ಕಂಪ್ಯೂಟರ್ ನಡೆಸುವ ಜಾತಿಯದ್ದು ಸಿಕ್ಕಿದರೂ ಹಾಗೆಯೇ. ಆಗ ಫೋಟೋ, ವರ್ಡ್, ಪಿಡಿಎಫ್ ಮಾತ್ರ ನಕಲು ಮಾಡಿಕೊಳ್ಳಿ. ಸೆಟ್ಅಪ್ ಫೈಲುಗಳನ್ನು ಹಳೆಯ ಡಿಸ್ಕಿನಿಂದ ತರಬೇಡಿ. ಫೈಲುಗಳ ಬಾಲ ಬದಲಾಗಿ ಹಣ ಕೇಳುವ ಚೀಟಿ ಕಂಡರೆ ಅದು ಫೈಲುಗಳಿಗೆ ಬೀಗ ಹಾಕುವ ರ‍್ಯಾನ್ಸಮ್‌ವೇರ್. ಆಗ ಫಾರ್ಮ್ಯಾಟ್ ಮಾಡುವ ಅವಸರ ಬೇಡ, ಹಣವೂ ಬೇಡ. ನೋ ಮೋರ್ ರ‍್ಯಾನ್ಸಮ್ ಎಂಬ ತಾಣದಲ್ಲಿ ಕೆಲವಕ್ಕೆ ಬಿಡಿಸುವ ಸಾಧನ ಪುಕ್ಕಟೆ ಸಿಗುತ್ತದೆ. ಯೂರೋಪಿನ ಪೊಲೀಸ್ ಸಂಸ್ಥೆ ಯೂರೋಪೋಲ್ ಮತ್ತು ನೆದರ್‌ಲ್ಯಾಂಡ್ಸ್ ಪೊಲೀಸರು ಸೇರಿ 2016ರಲ್ಲಿ ಶುರು ಮಾಡಿದ್ದು ಅದು.

ಫಾರ್ಮ್ಯಾಟ್ ಮಾಡಿಸುವವರಿಗೆ ಒಂದು ಮಾತು. ನಿಮ್ಮಲ್ಲಿ ಬೆರಳಿನ ಗುರುತು ತೆಗೆಯುವ ಯಂತ್ರ ಇದ್ದರೆ ಅದರ ಆರ್‌ಡಿ ಸರ್ವೀಸ್, ಡಿಜಿಟಲ್ ಸಹಿಯ ಟೋಕನ್ ಡ್ರೈವರ್, ನುಡಿ, ಬರಹ, ಪ್ರಿಂಟರ್ ಎಲ್ಲವನ್ನೂ ಮತ್ತೆ ಹಾಕಬೇಕಾಗುತ್ತದೆ. ಪಟ್ಟಿ ಮಾಡಿ ರಿಪೇರಿಯವರ ಕೈಗೆ ಕೊಡಿ. ಡೆಸ್ಕ್‌ಟಾಪ್ ಮೇಲಿಟ್ಟ ಫೈಲುಗಳೆಲ್ಲ ಫಾರ್ಮ್ಯಾಟಿನಲ್ಲಿ ಅಳಿಯುವ ಸಿ ಡ್ರೈವಿನಲ್ಲೇ ಇರುತ್ತವೆ ಅನ್ನುವುದನ್ನು ನೆನಪು ಮಾಡಿ. ಎಷ್ಟೋ ಜನರ ವರ್ಷಗಟ್ಟಲೆಯ ಫೋಟೋ ಹೋದದ್ದು ವೈರಸ್ಸಿನಿಂದ ಅಲ್ಲ, ಈ ಅವಸರದಿಂದ. ಹಾಗೆಯೇ ಕಳ್ಳ ಆ್ಯಕ್ಟಿವೇಟರ್ ಹಾಕಿ ವಿಂಡೋಸ್ ಕೊಟ್ಟರೆ ಬೇಡ ಅನ್ನಿ, ವೈರಸ್ ಬರುವ ದೊಡ್ಡ ದಾರಿ ಅದೇ.

ನಮ್ಮ ಕಡೆಯ ಮಳೆಗಾಲದ ವಿಷಯವೂ ಇಲ್ಲಿ ಸೇರುತ್ತದೆ. ಜೂನ್‌ನಿಂದ ಸೆಪ್ಟೆಂಬರ್ ತನಕ ವೈರಸ್ ಬಂದಿದೆ ಅಂತ ತರುವ ಎಷ್ಟೋ ಕಂಪ್ಯೂಟರುಗಳಲ್ಲಿ ವೈರಸ್ ಇರುವುದಿಲ್ಲ. ಥಂಡಿಗೆ ರ‍್ಯಾಮಿನ ಕಾಲುಗಳು ಕಪ್ಪಾಗಿ ಬೀಪ್ ಬೀಪ್ ಅನ್ನುತ್ತಿರುತ್ತದೆ. ವಿಂಡೋಸ್ ಚಿತ್ರ ಬರುವ ಮೊದಲೇ ನಿಂತರೆ ಹೆಚ್ಚಾಗಿ ಇಂಥದ್ದೇ. ಇನ್ನೊಂದು, ತಾರೀಖು ಹಿಂದೆ ಹೋಗಿ ಯಾವ ವೆಬ್‌ಸೈಟ್ ತೆರೆದರೂ ಸುರಕ್ಷಿತವಲ್ಲ ಅಂತ ಬರುವುದು. ಅದಕ್ಕೆ ಕಾರಣ ಮದರ್‌ಬೋರ್ಡಿನ ನಾಣ್ಯದಂಥ ಬ್ಯಾಟರಿ ಮುಗಿದಿರುವುದು. ಸಿಆರ್2032 ಅಂತ ಕೇಳಿ ತಂದು ಹಾಕಿದರೆ ಸಾಕು. ಪರದೆ ತುಂಬ ಕೆಂಪು ಬಣ್ಣ ಬಂದು, ಈ ನಂಬರಿಗೆ ಫೋನ್ ಮಾಡಿ ಅಂತ ಕೂಗಿದರೆ ಅದು ಮೋಸ. ಮೈಕ್ರೋಸಾಫ್ಟ್ ತನ್ನ ಎರರ್ ಸಂದೇಶದಲ್ಲಿ ಫೋನ್ ನಂಬರ್ ಕೊಡುವುದಿಲ್ಲ.

ಪಾಸ್‌ವರ್ಡುಗಳನ್ನು ಮೊಬೈಲಿನಿಂದ ಬದಲಾಯಿಸಿ, ಈ ಕಂಪ್ಯೂಟರಿನಿಂದ ಅಲ್ಲ. ಮೊದಲು ಈಮೇಲ್, ಆಮೇಲೆ ಬ್ಯಾಂಕ್, ಆಮೇಲೆ ಅರ್ಜಿ ಹಾಕುವ ಲಾಗಿನ್‌ಗಳು. ಬ್ರೌಸರಿನಲ್ಲಿ ಉಳಿಸಿಟ್ಟ ಪಾಸ್‌ವರ್ಡುಗಳೆಲ್ಲ ಕಳ್ಳರ ಕೈ ಸೇರಿವೆ ಅಂತಲೇ ಎಣಿಸಿ. ಹಣ ಹೋದದ್ದು ಕಂಡರೆ ಒಂದು ನಿಮಿಷ ಕಾಯದೆ ಸೈಬರ್ ಅಪರಾಧದ ಸಹಾಯವಾಣಿ 1930ಕ್ಕೆ ಫೋನ್ ಮಾಡಿ. ನಿಮ್ಮದು ವಿಂಡೋಸ್ 10 ಆಗಿದ್ದರೆ 2025ರ ಅಕ್ಟೋಬರ್ 14ಕ್ಕೆ ಅದಕ್ಕೆ ಮಾಮೂಲಿ ಬೆಂಬಲ ಮುಗಿದಿದೆ. ಕಂಪ್ಯೂಟರ್ ತಡೆದುಕೊಳ್ಳುತ್ತದೆ ಅಂತಾದರೆ 11ಕ್ಕೆ ಹೋಗಿ.

ಎಲ್ಲ ಮಾಡಿದ ಮೇಲೆ ಒಂದು ವಾರ ಗಮನ ಇಡಿ. ಬಾಕ್ಸ್ ಬರಲಿಲ್ಲ ಅಂದರೆ ಕೆಲಸ ಮುಗಿಯಿತು. ಅದೇ ಬಾಕ್ಸ್ ಅದೇ ಹೆಸರಿನಲ್ಲಿ ಬಂದರೆ ಹೆಸರು ಇನ್ನೊಂದು ಜಾಗದಲ್ಲೂ ಇದೆ, ಆಟೋರನ್ಸ್‌ನಲ್ಲಿ ಮತ್ತೆ ಹುಡುಕಿ. ಬಾಕ್ಸ್ ಬಂದು ಫೈಲಿನ ಹೆಸರು ಮಾತ್ರ ಬೇರೆಯಾಗಿದ್ದರೆ ಒಳಗೆ ಯಾರೋ ಇನ್ನೂ ಕೂತು ಬರೆಯುತ್ತಿದ್ದಾರೆ. ಆವತ್ತು ಕೇಬಲ್ ತೆಗೆಯಿರಿ, ಆ ಕಂಪ್ಯೂಟರಿನಲ್ಲಿ ಯಾರ ಅರ್ಜಿಯನ್ನೂ ಹಾಕಬೇಡಿ, ಫೈಲುಗಳನ್ನು ನಕಲು ಮಾಡಿಕೊಂಡು ಫಾರ್ಮ್ಯಾಟಿಗೇ ಕೊಡಿ.